ಅಂಗಡಿ ದೊಡ್ಡದು ಮಾಡೂದು

ನಗಬ್ಯಾಡಲೇ ಯುನೂಸಾ! ನಗೂವಂಥಾದ್ದು ಏನ್ ಹೇಳಿದ್ನಿ ನಾ? ನಿಮ್ಮ ರಾಜ್ಯ ವ್ಯಾಪಾರಸ್ಥರ ಸಂಘದ ಅಧ್ಯಕ್ಷರು ಬರೂದು ಶುಕ್ರವಾರ. ಅವರ ಕೊರಳಿಗೆ ಹಾಕೂ ಮಾಲಿ ಸೇವಂತಗಿದಿರಬೇಕೋ ಗುಲಾಬಿದಿರಬೇಕೋ ಅಂತ ಇಡೀ ವಾರ ಚರ್ಚಾ ನಡಿಸೀರಿ. ಅಷ್ಟ ಹೊತ್ತು ನಿನ್ನ ಗಾಜಿನ ಬಳಿ ಅಂಗಡ್ಯಾಗ ಕುಂತಿದ್ರ ನಾಕ ಹೆಣ್ಮಕ್ಕಳ ಕೈ ತುಂಬಸ್ತಿದ್ದಿ. ತಾಲೂಕಾ ಘಟಕದ ಕಾರ್ಯದರ್ಶಿ ಅಂತ! ಕಾರ್ಯ ಏನೂ ಕಾಣವಲ್ದು, ನಿಂದು ಬರೇ ದರ್ಶನ!

ಕುಂದ್ರು, ಕುಂದ್ರು. ಸಿಟ್ಟಿಗೇಳಬ್ಯಾಡ. ಈರಬಸಪ್ಪನ ಬಾಯಿ ಹಿಂಗ ಅಂತ ಅಣ್ಣಿಗೇರಿ ಬಜಾರಕ್ಕೆಲ್ಲಾ ಗೊತ್ತೈತಿ. ನಮ್ಮಪ್ಪ ಈ ಕಿರಾಣಿ ಅಂಗಡಿ ಇಟ್ಟ, ನಿಮ್ಮಪ್ಪ ಎದುರಿಗೆ ಬಳಿ ಅಂಗಡಿ ಇಟ್ಟ. ಅವತ್ತಿನಿಂದ ರಸ್ತಾದ ಆ ಕಡೆ ನೀವು, ಈ ಕಡೆ ನಾವು. ನಿನಗ ಅನ್ನದ ಇನ್ಯಾರಿಗೆ ಅನ್ಲಿ?

ಏನಂದಿ? ಸಂಘ ನನಗ ಏನೂ ಮಾಡಿಲ್ಲೇನು ಅಂತ ಕೇಳ್ತಿ? ಹೇಳು ಮತ್ತ, ಏನ್ ಕಡದು ಕಟ್ಟಿ ಹಾಕೇತಿ ನಿಮ್ಮ ಸಂಘ... ಕೇಳೂಣು.

ಹಾಂ, ತಕ್ಕಡಿ! ಗೊತ್ತಿತ್ತು, ನೀ ಮೊದಲ ತಕ್ಕಡೀನ ತರ್ತಿ ಅಂತ. ಹಿಂದಕ ತಕ್ಕಡಿಗೆ ಸರಕಾರಿ ಮುದ್ರಿ ಒತ್ತಸಾಕ ಹುಬ್ಬಳ್ಳಿಗೆ ಹೊತಗೊಂಡು ಹೋಗಬೇಕಿತ್ತು. ಈಗ ಸಂಘದವರು ಮುದ್ರಿ ಒತ್ತೂ ಸಾಹೇಬರನ್ನ ಇಲ್ಲೇ ಗುಡಿ ಮುಂದ ಕರಸ್ತಾರ, ಕುಂತಲ್ಲೇ ಕೆಲಸ ಮುಗೀತೈತಿ. ಒಪ್ಪಿದ್ನಪಾ. ಆದ್ರ ಹುಬ್ಬಳ್ಳಿಗೆ ಹೋದ್ರ ಒಂದ ಪ್ಲೇಟ್ ಗಿರ್ಮಿಟ್ಟು, ಬಿಸಿಬಿಸಿ ಮಿರ್ಚಿ ಹೊಟ್ಟಿಗೆ ಬೀಳ್ತಿತ್ತು. ನಿಮ್ಮ ಶಿಬಿರದಾಗ ಏನ್ ಬಿತ್ತು? ಭಾಷಣ!

ಏನ್ ಭಾಷಣಪಾ ಅದು! "ಸಣ್ಣ ವ್ಯಾಪಾರಸ್ಥರೇ ಈ ನಾಡಿನ ಬೆನ್ನೆಲುಬು." ಚಪ್ಪಾಳಿ! ಬೆನ್ನೆಲುಬು ಅಂದ್ರ ಏನಲೇ? ಹಿಂದ ಇರತೈತಿ, ಯಾರ ಕಣ್ಣಿಗೂ ಬೀಳೂದಿಲ್ಲ, ಮೂಟಿ ಹೊರೂದಷ್ಟ ಅದರ ಕೆಲಸ. ಆ ಭಾಷಣದಾಂವ ಮಾರಿ ಮುಂದ ನಿಂತು ಹಂಗ ಬೈದು ಹೋದ, ನಾವು ಚಪ್ಪಾಳಿ ತಟ್ಟಿದ್ವಿ. ನೀ ಅಂತೂ ಎದ್ದು ನಿಂತು ತಟ್ಟಿದಿ!

ಮತ್ತೇನು? ಜಿಎಸ್‌ಟಿ? ಅಯ್ಯ, ಆ ಚಸ್ಮಾದ ಹುಡುಗಿ... ಅಮೃತಾ ಅಂತಲ್ಲ ಆಕಿ ಹೆಸರು? ಸಂಘದವರು ಪಗಾರ ಕೊಟ್ಟು ಕಳಸ್ಯಾರ, ನಮ್ಮಂಥಾ ದಡ್ಡರಿಗೆ ತೆರಿಗಿ ಪಾಠ ಮಾಡಾಕ. "ಅಂಕಲ್, ತಿಳೀತ್ರೀ?" ಅಂತಾಳ ನನಗ. ಅಂಕಲ್! ಬಾಯಿ ತುಂಬ ಕಾಕಾ ಅನ್ನಾಕ ಬರೂದಿಲ್ಲ, ತೆರಿಗಿ ಕಲಸಾಕ ಬಂದಾಳ. ಹೌದು, ಕಲ್ತಿದ್ನಿ. ಕಲ್ತಿದ್ದಕ್ಕ ಏನ್ ಆಕಿಗೆ ಸೀರಿ ಉಡಸಬೇಕೇನು?

ಕಟ್ಟಿ... ಬಂತ ನೋಡು. ಕಟ್ಟಿ ವಿಷಯ ತಗೀದ ಇರತಿ ಏನು ನೀ! ರಸ್ತಾ ಅಗಲ ಮಾಡಾಕ ಬಂದವರು ನಮ್ಮ ಅಂಗಡಿ ಮುಂದಿನ ಕಟ್ಟಿಗೆ ಕೆಂಪು ಗೆರಿ ಹೊಡದು ಹೋದ್ರು, ಸಂಘದ ವಕೀಲ ಬಂದು ಅದನ್ನ ಉಳಿಸಿದ. ಉಳಿಸಲಿ ಬಿಡು. ಕಟ್ಟಿ ನಮ್ಮಪ್ಪ ಕಟ್ಟಿಸಿದ್ದು. ನಮ್ಮದನ್ನ ನಮಗ ಬಿಟ್ಟದ್ದೂ ಒಂದು ಉಪಕಾರ ಏನು? ಆ ವಕೀಲಗ ಛಾ ಕುಡಿಸಿದ್ನೆಲ್ಲಾ. ಶುಂಠಿ ಹಾಕಿದ ಛಾ. ಚುಕ್ತಾ ಆತು.

ಇನ್ನ ಆ ಲಾರಿ! ಗದಗ ರಸ್ತಾದಾಗ ಮಾರ್ಟ್ ಬಂದ ಮ್ಯಾಲೆ ನಿಮ್ಮ ಸಂಘಕ್ಕ ದೊಡ್ಡ ಬುದ್ಧಿ ಬಂತು. ಸಣ್ಣ ಅಂಗಡ್ಯಾವರೆಲ್ಲಾ ಕೂಡಿ ಒಮ್ಮಿಗೇ ಮಾಲು ತರಸೂದಂತ, ಕಂಪನಿಯವರು ಮಾರ್ಟಿಗೆ ಕೊಡೂ ದರ ನಮಗೂ ಕೊಡ್ತಾರಂತ, ಒಂದ ಲಾರಿ ಬಂದು ಎಲ್ಲಾರ ಬಾಗಲಕ್ಕೂ ಇಳಸಿ ಹೋಗತೈತಂತ. ಥೂ! ಹತ್ತ ಮಂದಿ ಕೂಡಿ ಎಮ್ಮಿ ಕೊಂಡ್ರ ಹಿಂಡಾಕ ಹತ್ತೂ ಮಂದಿ ಬರ್ತಾರ, ಸಗಣಿ ಬಳ್ಯಾಕ ಒಬ್ಬಾಂವ ಬರೂದಿಲ್ಲ! ಈರಬಸಪ್ಪನ ಮಾಲು ಆ ಕಿರಾಣಿ ಮೈಲಾರಪ್ಪನ ಮಾಲಿನ ಸಂಗಾಟ ಒಂದ ಲಾರಿಯೊಳಗ ಬರಬೇಕೇನು? ನಮ್ಮಪ್ಪ ಬೆಲ್ಲದ ಪೆಂಟಿ ಒಡದು, ನಾಲಿಗಿಗೆ ಹಚ್ಚಿ ನೋಡಿ ತರಾಂವ. ಲಾರಿಯೊಳಗ ಬಂದದ್ದನ್ನ ಕಣ್ಮುಚ್ಚಿ ಇಳಿಸಿಕೊಳ್ಳಾಕ ನಾ ಏನ್ ಹಮಾಲ?

ಮೈಲಾರಪ್ಪಂದು ಛಲೋ ನಡದೈತಿ ಅಂತಿ? ನಡೀಲಿ! ಆಂವಗ ನಾಚಿಕಿ ಇಲ್ಲ, ಅದಕ್ಕ ನಡದೈತಿ.

ಈ ಗಿರಾಕಿಗೋಳೂ ಅಷ್ಟ. ಕೊಸರು ಅಂದ್ರ ಏನಂತ ಆ ಮಾರ್ಟಿನವರಿಗೆ ಗೊತ್ತೈತೇನು? ಶೇಂಗಾ ತೂಗಿ ಆದ ಮ್ಯಾಲೆ ಮತ್ತೊಂದ ಹಿಡಿ ಹಾಕಿ ಕೊಡಾಂವ ನಾ. ಅಲ್ಲೆ ಹಾಕ್ತಾರೇನು? ಹೊರಗ ಬರೂವಾಗ ಚೀಲ ಬಿಚ್ಚಿಸಿ ನೋಡ್ತಾರ, ಕಳ್ಳರನ್ನ ನೋಡಿದಂಗ! ಅಂಥಾ ಬಾಗಲದಾಗ ನಮ್ಮ ಮಂದಿ ಪಾಳಿ ಹಚ್ಚಿ ನಿಂದರ್ತಾರ. ತಿಂಗಳ ಸಂತಿ ಎಲ್ಲಾ ಅಲ್ಲೆ. ಹಿಟ್ಟು ನಾದೂವಾಗ ಉಪ್ಪು ನೆನಪಾದ್ರ ಮಾತ್ರ ಈರಬಸಪ್ಪ ಬೇಕು. ಹೋಗ್ಲಿ, ಎಲ್ಲಾರೂ ಹೋಗ್ಲಿ ಅಲ್ಲೇ.

ಏನ್ ತೋರಸ್ತಿ, ಮೊಬೈಲ್? ಕೊಡಿಲ್ಲೆ. ಶುಕ್ರವಾರದ ಬ್ಯಾನರೇನು ಇದು? ಇದೇನ್ ನನ್ನ ಫೋಟೋ ಲೇ, ಆಧಾರ ಕಾರ್ಡಿಂದು ತಗದ ಹಾಕೀರೇನು? ಮಾರಿ ನೋಡಿದ್ರ ಪೊಲೀಸ್ ಠಾಣೆದಾಗ ಹಚ್ಚೂವಂಗೈತಿ. ಕೆಳಗೇನ್ ಬರದೀರಿ? "ಮಾರ್ಟಿಗೆ ಎದೆಯೊಡ್ಡಿದ ಧೀರ ವ್ಯಾಪಾರಿ..." ಧೀರ ಅಂತ! ತಗೋ, ತಗೋ ನಿನ್ನ ಮೊಬೈಲ್... ಇಲ್ಲಲೇ, ನಗಾಕತ್ತಿಲ್ಲ. ಕೆಮ್ಮು.

ಅಲ್ಲ, ಆವತ್ತ ಲಾರಿಗೆ ಹೆಸರು ಬರಸೂ ಸಭಾದಾಗ ನಾ ಅಂದದ್ದರ ಏನು? ಇದ ರಾಜ್ಯ ಅಧ್ಯಕ್ಷರ ಬಂದಿದ್ರು, ನನ್ನ ಎಬ್ಬಿಸಿ ನಿಂದ್ರಿಸಿ ಕೇಳಿದ್ರು: "ಎಲ್ಲಾರೂ ಲಾರಿಗೆ ಹೆಸರು ಕೊಟ್ಟಾರ, ಈರಬಸಪ್ಪನವರ, ನೀವೊಬ್ಬರ ಯಾಕಿಲ್ಲ? ಮುಂದ ಏನ್ ವಿಚಾರ ಮಾಡೀರಿ?" ನಾ ಅಂದ್ನಿ, "ಅಂಗಡಿ ದೊಡ್ಡದು ಮಾಡೂದೈತ್ರಿ." ಅಷ್ಟ ಅಂದದ್ದು! ಬಿತ್ತಲ್ಲ ಚಪ್ಪಾಳಿ. ಮಾರ್ಟ್ ಬಂದ್ರೂ ಅಂಜಲಿಲ್ಲ, ಇಂಥಾ ಗಂಡಸ್ರು ಬೇಕು ನಮ್ಮ ಸಂಘಕ್ಕ ಅಂದ್ರು. ಅಲ್ಲಿಂದ ಶುರುವಾತು ನಿಮ್ಮ ಹುಚ್ಚು. ಶುಕ್ರವಾರ ರಿಬ್ಬನ್ ಕತ್ತರಿಸೂದು, ಶಾಲು ಹೊಚ್ಚೂದು, ಬಾಗಲ ಮ್ಯಾಲೆ "ಮಾದರಿ ಅಂಗಡಿ" ಅಂತ ಫಲಕ ಬಡಿಯೂದು. ಕೇಳಿದ್ರೇನ ನನ್ನ ಒಂದ ಮಾತು?

ಏ, ಎಲ್ಲಿ ಹೊಂಟಿ? ಒಳಗೇನ್ ನೋಡೂದೈತಿ? ಹಿಂದಿನ ಗ್ವಾಡಿ ಒಡದದ್ದು ನೋಡ್ತೀಯಾ? ಇನ್ನೂ ಒಡದಿಲ್ಲ. ಗೌಂಡಿ ಬಂದಿಲ್ಲ. ಬಾ, ಇಲ್ಲಿ ಬಂದು ಕುಂದ್ರು.

ಏನು? ಬೀರಲಿಂಗಪ್ಪ ಗೌಂಡಿ ಹಂಗಂದನೇನು? ನಾ ಆಂವನ್ನ ಕರದೇ ಇಲ್ಲಂತ? ಆಂವನ ಮಾತೇನ್ ಕೇಳ್ತಿ, ಗ್ವಾಡಿ ನೆಟ್ಟಗೈತೇನಂತ ನೋಡೂ ತೂಗುಗುಂಡಿನ ನೂಲಿಗೂ ಗಾಳಿಪಟದ ನೂಲಿಗೂ ಫರಕು ತಿಳೀದಾಂವ. ಬೇರೆ ಗೌಂಡಿಗೆ ಹೇಳೇನಿ. ಊರ ಹೊರಗಿನಾಂವ. ನಿನಗ ಗೊತ್ತಿಲ್ಲ.

ಡಬ್ಬಿ ಬಡೀಬ್ಯಾಡ! ಬಳಿ ಅಂಗಡ್ಯಾಂವಗ ಕಿರಾಣಿ ಡಬ್ಬಿ ಸಪ್ಪಳ ಏನ್ ತಿಳೀತೈತಿ?

ಯಾರದು... ಹನಮವ್ವ ಏನಬೇ? ಬಾ, ಬಾ. ಏನ್ ಬೇಕಿತ್ತು? ಬೆಲ್ಲ? ಬೆಲ್ಲ ಹೆಚ್ಚಾಗೇತಿ ನೋಡಬೇ. ರವಾ?... ರವಾನೂ ಹೆಚ್ಚಾಗೇತಿ. ಆಂ? ಛಾಪುಡಿ... ಅದೂ ಹೆಚ್ಚಾಗೇತಿ. ಮೈಲಾರಪ್ಪನ ಅಂಗಡಿಗೆ ಹೋಗಲ್ಲ, ಅಲ್ಲೆ ಇರತಾವು. ಇಲ್ಲಬೇ, ನಾಳಿಗೆ ಬರತಾವಂತ ನಾ ಎಲ್ಲಿ ಅಂದ್ನಿ? ಹೋಗಿ ಬಾ. ಹಗೂರಕ ಇಳಿ, ಕಟ್ಟಿ ಜಾರತೈತಿ.

ನೋಡಿದ್ಯಾ ಯುನೂಸಾ, ನಾವು ದೊಡ್ಡ ಮಾತಿನಾಗ ಅದೇವಿ, ಈಗ ಬಂದ್ಲು ಬೆಲ್ಲ ಕೇಳಾಕ... ಯುನೂಸಾ?

ಯಾಕ, ಏನ್ ನೋಡಾಕತ್ತಿ ನನ್ನ ಮಾರಿ? ಹೆಚ್ಚಾಗೇತಿ ಅಂದದ್ದಕ್ಕೇನು? ಲಕ್ಷ್ಮಿ ಕುಂತ ಅಂಗಡ್ಯಾಗ ಇಲ್ಲ, ತೀರಿತು ಅಂತ ಯಾರರ ಅಂತಾರೇನು? ನಿನ್ನ ಬಳಿ ಒಡದ್ರ ನೀನೂ ಹೆಚ್ಚಾದುವು ಅಂತಿ. ಮನಿಯಾಗ ದೀಪಾ ಆರಸು ಅನ್ನೂದಿಲ್ಲ, ದೊಡ್ಡದು ಮಾಡು ಅಂತೇವಿ. ನಿಮ್ಮಪ್ಪ ದಿನಾ ಸಂಜಿಗೆ ಇಲ್ಲಿತನಾ ಕೇಳೂವಂಗ ಒದರ್ತಿದ್ನಲ್ಲ, "ಯುನೂಸ್, ದುಕಾನ್ ಬಢಾವ್!" ಅಂತ. ದುಕಾನ ಬೆಳಸು ಅಂದ್ರ ನೀ ಏನ್ ಗ್ವಾಡಿ ಒಡದು ಅಗಲ ಮಾಡಾಕ ಹೋಗ್ತಿದ್ದೇನು? ಹಲಗಿ ಒಂದೊಂದ ಜೋಡಿಸಿ, ಕೀಲಿ ಹಾಕಿ, ಮನಿಗೆ ನಡೀತಿದ್ದಿ...

ಹಂಗ ನೋಡಬ್ಯಾಡ ಅಂದ್ನೆಲ್ಲಾ.

ನಾ ಸುಳ್ಳು ಹೇಳಿಲ್ಲ. ಮುಚ್ಚತೇನಿ ಅನ್ನಾಕ ನಾಲಿಗಿ ಹೊಳ್ಳಲಿಲ್ಲ. ನಮ್ಮಪ್ಪ ಇಟ್ಟ ಅಂಗಡಿಗೆ ಆ ಮಾತ ಹೆಂಗ ಅನ್ಲಿ? ದೊಡ್ಡದು ಮಾಡ್ತೇನಿ ಅಂದ್ನಿ. ಹೆಸರಿಗೆ ವ್ಯಾಪಾರಸ್ಥರ ಸಂಘ! ವ್ಯಾಪಾರಸ್ಥರ ಮಾತ ನಿಮಗ ತಿಳೀಲಿಲ್ಲ! ಆ ಅಧ್ಯಕ್ಷ ಹೋಗ್ಲಿ, ಆಂವಗ ಶಟರ್ ಅಂದ್ರ ಗೊತ್ತು, ಬಂದ್ ಅಂದ್ರ ಗೊತ್ತು. ನೀನರ ತಿಳಕೋಬೇಕಿತ್ತಲೋ. ಎಲ್ಲಾರಕಿಂತ ಮೊದಲ ಚಪ್ಪಾಳಿ ಹೊಡದಾಂವ ನೀ!

ಆವಾಗ ಎದ್ದು, ಹಂಗಲ್ರಿ, ಅದು ಹಿಂಗ ಅಂತ ಅನಬೇಕಿತ್ತು. ಅನ್ನಲಿಲ್ಲ. ಚಪ್ಪಾಳಿ ಕೇಳಿ ಛಲೋ ಅನಿಸ್ತು ಯುನೂಸಾ. ಇಷ್ಟ ವರ್ಷ ಕಾಗದದಾಗ ಉಪ್ಪು, ಸಕ್ಕರಿ ಪುಡಿಕಿ ಕಟ್ಟಿದ್ನಿ, ಒಬ್ಬರೂ ಚಪ್ಪಾಳಿ ಹೊಡದಿದ್ದಿಲ್ಲ.

ಯಾರಿಗೆ ಫೋನ್ ಹಚ್ಚಾಕತ್ತಿ? ಲಾರಿಯವರಿಗೇನು? ಬ್ಯಾಡ! ಇಡು ಅದನ್ನ ಬಕ್ಕಣದಾಗ! ಮೈಲಾರಪ್ಪ ಕೈ ಮುಗದು ಹೆಸರು ಕೊಟ್ಟಾಗ ನಾ ಬಾಜೂಕ ಕುಂತು ನಕ್ಕೇನಿ, ಎಮ್ಮಿ ಕಥಿ ಹೇಳಿ ಹತ್ತ ಮಂದೀನ ನಗಿಸೇನಿ. ಈಗ ಹೋಗಿ ನನ್ನ ಹೆಸರೂ ಹಚ್ಚಿಕೋರ್ರಿ ಅನ್ಲೇನು? ಅದಕಿಂತ ಬಾಗಲಾ ಮುಂದ ಮಾಡಿ ಕೀಲಿ ಹಾಕೂದು ಹಗೂರೈತಿ. ಏನರ ಅನ್ನೋ ಮಾರಾಯಾ... ಬೈಯಿ, ಬೈಯಿ ಬೇಕಾದ್ರ.

ಶ್ಶ್! ನಿನ್ನ ವೈನಿ ಬಂದ್ಲು. ಕಣ್ಣು ಒರಸಿಕೋ ಲೇ... ರೇವವ್ವಗ ಗೊತ್ತಿಲ್ಲ. ನಾ ಆಕಿಗೆ ಏನೂ ಹೇಳಿಲ್ಲ, ಅಂಗಡಿ ದೊಡ್ಡದಾಗತೈತಂತ ಊರ ಮಂದಿ ಹೇಳ್ಯಾರ. ದೇವಿಕೊಪ್ಪದಿಂದ ತವರಮನಿಯವರನ್ನೆಲ್ಲಾ ಕರಸ್ಯಾಳ. ಪುಡಿಕಿ ಕಟ್ಟಾಂವಗ ಮಗಳನ್ನ ಕೊಟ್ಟು ಕೆಟ್ವಿ ಅಂತಿದ್ದ ಮಂದಿ ಅದು. ಆಕಿ ನಡಿಯೂ ನಡಗಿ ನೋಡು, ಹೊಸಾ ಮದಿವಿ ಆದಾಕಿ ನಡದಂಗ. ನಿನ್ನ ಕಾಲಿಗೆ ಬೀಳ್ತೇನಿ, ನಕ್ಕೋತ ಕುಂದ್ರು. ಇವತ್ತ ಒಂದಿನ.

ಬಾ, ಬಾ. ಛಾ ತಂದ್ಯಾ? ಯುನೂಸಗೂ ಕೊಡು. ಏನು, ಶುಕ್ರವಾರ ಎಷ್ಟ ಮಂದಿ ಬರ್ತಾರಂತ? ಹಾಂ, ಅದನ್ನ ಆಂವನ್ನ ಕೇಳು, ಕಾರ್ಯದರ್ಶಿ ಆಂವ. ಯುನೂಸಾ, ಊಟಕ್ಕ ಸಿಹಿ ಮಾದ್ಲಿ ಎಷ್ಟ ಮಾಡಬೇಕಂತ ಕೇಳಾಕತ್ತಾಳ. ಹೇಳು.

ಹೇಳೋ.

ಲೇ, ಬಳಿ ಇಡಸೂವಾಗ ಕೈ ನೋಯಬಾರದಂತ ಊರ ಹೆಣ್ಮಕ್ಕಳನ್ನೆಲ್ಲಾ ಮಾತಿನಾಗ ನಗಸಾಂವ ನೀ. ನಿನಗ ಮಾತಿಗೆ ಬರಗಾಲ ಬಿತ್ತೇನು? ಐವತ್ತ ಮಂದಿ ಅನ್ನು! ನೂರ ಅನ್ನು! ಅಧ್ಯಕ್ಷರು ಬರ್ತಾರ ಅನ್ನು, ಗ್ವಾಡಿ ಒಡಸ್ತೇವಿ ಅನ್ನು... ತಲಿ ಮ್ಯಾಲೆತ್ತೋ! ಆಕಿ ನಿಂತಾಳ ನೋಡು, ನಿನ್ನ ಮುಂದ ನಿಂತಾಳ!

ರೇವವ್ವಾ, ಆಂವನ ಮಾರಿ ಏನ್ ನೋಡ್ತಿ? ಇಲ್ಲಿ ನೋಡು, ನನ್ನ ಕೇಳು. ಆ ತಾಟು ಕೆಳಗಿಡು... ಯಾಕ? ಯಾಕ ಅಳ್ತಿ? ಏನಾತೀಗ? ಆಂವ ಏನೂ ಅಂದೇ ಇಲ್ಲಲ್ಲ!