ಪೆಗೇರೊನ ಕಾಲು, ನನ್ನ ಹುಲ್ಲು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮ ಡಾಕರ್ಸ್ ಬೇಸ್‌ಬಾಲ್ ಕ್ಲಬ್ಬಿನ ಜನರಲ್ ಮ್ಯಾನೇಜರರೂ ಆದ ಗ್ರಾಂಟ್ ಹಾಲೊವೆಲ್ ಅವರೇ, ಅವರ ಎಡಗಡೆ ಕುಳಿತು ಎರಡನೆಯ ತುಂಡು ಪೈ ಮುಗಿಸುತ್ತಿರುವ ನಮ್ಮ ಕೋಚ್ ರಸ್ ಟೆಸ್ಮರ್ ಅವರೇ, ಅಭಿಮಾನಿ ಸಂಘದ ಪದಾಧಿಕಾರಿಗಳೇ, ಆಟಗಾರರೇ, ಪತ್ರಕರ್ತ ಮಿತ್ರರೇ, ಮತ್ತು ಇಷ್ಟು ಹಿಮ ಬಿದ್ದಿದ್ದರೂ ಹುಲ್ಲು ಕತ್ತರಿಸುವವನೊಬ್ಬನ ಮಾತು ಕೇಳಲು ಬಂದಿರುವ ಸಭಿಕರೇ,

ಮೂವತ್ತೊಂದು ವರ್ಷ ನಾನು ಈ ಕ್ಲಬ್ಬಿನ ಮೈದಾನ ನೋಡಿಕೊಂಡಿದ್ದೇನೆ. ಹುಲ್ಲು ಎದುರುತ್ತರ ಕೊಡುವುದಿಲ್ಲ. ಹಾಗಾಗಿ ನಾನೊಬ್ಬ ಒಳ್ಳೆಯ ಮಾತುಗಾರ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಆ ನಂಬಿಕೆ ಇವತ್ತು ಹೋಗಬಹುದು.

ಈಗಷ್ಟೇ ಅಧ್ಯಕ್ಷರು, ಡೆಲ್ ಹ್ರೂಸ್ಕ ಈ ಕ್ಲಬ್ಬಿಗೆ ಯಾವತ್ತೂ ಒಂದು ಸಣ್ಣ ತೊಂದರೆಯನ್ನೂ ಕೊಟ್ಟವನಲ್ಲ ಎಂದು ಹೇಳಿದರು. ಚಪ್ಪಾಳೆ ಬಂತು. ನಾನೂ ತಟ್ಟಿದೆ. ಆದರೆ ಹೊಗಳಿಕೆಗೆ ತಕ್ಕ ಭಾಷಣ ಬರೆಯೋಣವೆಂದು ಹೋದ ವಾರ ನನ್ನ ದಿನಚರಿ ತೆರೆದಿದ್ದೇ ತಪ್ಪಾಯಿತು. ಹುಲ್ಲು ಎಷ್ಟು ಎತ್ತರ, ನೀರು ಎಷ್ಟು ಹೊತ್ತು, ಗಾಳಿ ಯಾವ ಕಡೆ, ಎಲ್ಲವನ್ನೂ ನಾನು ದಿನಾ ಬರೆದಿಡುವವನು. ಹೆಮ್ಮೆಪಡುವುದಕ್ಕೆ ಏನಾದರೂ ಸಿಗುತ್ತದೆಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಬೇರೆ.

ಈ ಊರಿನಲ್ಲಿ ಈಗ ಇರುವುದು ಒಂದೇ ಪ್ರಶ್ನೆ. ಕ್ಷೌರದಂಗಡಿಯಲ್ಲಿ ಅದೇ, ಚರ್ಚಿನ ಮೆಟ್ಟಿಲ ಮೇಲೆ ಅದೇ. ಅಮಾದೊ ಪೆಗೇರೊಗೆ ಎಂಟು ಕೋಟಿ ಡಾಲರ್ ಕೊಡಬೇಕೇ, ಬೇಡವೇ? ಅವನ ಒಪ್ಪಂದ ಮುಗಿದಿದೆ, ಯಾವ ಕ್ಲಬ್ ಕರೆದರೂ ಹೋಗಬಹುದು. ಆರು ವರ್ಷ ನಮಗೆ ಆಡಿದ್ದಾನೆ, ನಮ್ಮಲ್ಲೇ ಉಳಿಯುತ್ತೇನೆ ಅನ್ನುತ್ತಾನೆ, ನಾಲ್ಕು ವರ್ಷಕ್ಕೆ ಎಂಟು ಕೋಟಿ ಕೇಳುತ್ತಾನೆ. ಆದರೆ ವಯಸ್ಸು ಮೂವತ್ತಮೂರು. ಮೊದಲೆಲ್ಲ ನೂರು ಸಲ ಬ್ಯಾಟ್ ಹಿಡಿದರೆ ಮೂವತ್ತೊಂದು ಹಿಟ್ ಹೊಡೆಯುತ್ತಿದ್ದವನು ಈ ವರ್ಷ ನಮ್ಮದೇ ಮೈದಾನದಲ್ಲಿ ಇಪ್ಪತ್ತೊಂದಕ್ಕೆ ಇಳಿದ. ಸೋಮವಾರ ಹಾಲೊವೆಲ್ ಅವರು ತೀರ್ಮಾನ ಹೇಳುತ್ತಾರೆ. ಅದು ‘ಬೇಡ’ ಎಂದೇ ಇರುತ್ತದೆಂದು ಎಲ್ಲರಿಗೂ ಗೊತ್ತು.

ಈ ‘ಬೇಡ’ಕ್ಕೆ ನನ್ನ ಸೇವೆಯೂ ಇದೆ. ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡುವ ‘ಉತ್ತರ ಬಡಾವಣೆಯ ವಾಲ್ಟ್’ ನಿಮಗೆಲ್ಲ ಪರಿಚಯ. “ಆ ಪೆಗೇರೊಗೆ ಎಂಟು ಕೋಟಿನಾ? ಎಂಟು ಡಾಲರ್ ಕೈಗಿಟ್ಟು ಬಸ್ ಹತ್ತಿಸ್ರೀ! ಕಾಲು ಸತ್ತೋಗಿದೆ ಅವನ್ದು!” ಅಂದನಲ್ಲ, ಆ ವಾಲ್ಟ್ ನಾನೇ. ಒಟ್ಟು ಒಂಬತ್ತು ಸಲ ಫೋನ್ ಮಾಡಿದ್ದೇನೆ. ಗುಟ್ಟು ಯಾರಿಗೂ ಗೊತ್ತಾಗಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ನಾದೀನ್ ಅಡುಗೆಮನೆಯ ರೇಡಿಯೊ ಕೇಳುತ್ತಿದ್ದವಳು ಅಲ್ಲಿಂದಲೇ ಕೂಗಿದಳು: “ರೀ, ಈ ವಾಲ್ಟ್ ಮನೇಲೂ ನಮ್ಮ ನಾಯಿನೇ ಬೊಗಳ್ತಾ ಇದೆಯಲ್ರೀ!”

ಈಗ ದಿನಚರಿಗೆ ಬರುತ್ತೇನೆ. ಮೇ ಒಂಬತ್ತನೆಯ ತಾರೀಕು ನಮ್ಮ ಕೋಚ್ ಟೆಸ್ಮರ್ ಅವರು ನನ್ನ ಶೆಡ್ಡಿಗೆ ಬಂದರು. ಅವರು ಬರುವುದೇ ಅಪರೂಪ, ನಾನು ಕುರ್ಚಿ ಒರೆಸಿ ಕೊಟ್ಟೆ. ತಂಡಕ್ಕೆ ಹೊಸದಾಗಿ ಇಬ್ಬರು ಪಿಚರ್‌ಗಳು ಬಂದಿದ್ದರು. ಅವರು ಎಸೆದ ಚೆಂಡು ಬ್ಯಾಟಿನ ಹತ್ತಿರ ಬರುವಾಗ ತಟ್ಟನೆ ಕೆಳಗಿಳಿಯುತ್ತದೆ, ಎದುರಾಳಿ ಹೊಡೆದರೂ ಅದು ನೆಲ ಹಿಡಿದೇ ಹೋಗುತ್ತದೆ.

“ಡೆಲ್, ಒಳಮೈದಾನದ ಹುಲ್ಲು ಸ್ವಲ್ಪ ಬೆಳೆಯೋಕೆ ಬಿಡಪ್ಪ. ಚೆಂಡು ಅಲ್ಲೇ ನಿದ್ದೆ ಹೋಗ್ಬೇಕು,” ಅಂದರು.

“ಎಷ್ಟು ಸ್ವಾಮಿ?”

“ಎರಡು ಇಂಚು. ಆದ್ರೆ ಒಂದೇ ಸಲ ಬೇಡ. ಯಾರಿಗೂ ಗೊತ್ತಾಗ್ಬಾರ್ದು. ನಮ್ಮ ಹುಡುಗ್ರಿಗೂ ಹೇಳ್ಬೇಡ, ಅವ್ರ ಬಾಯಲ್ಲಿ ಏನೂ ನಿಲ್ಲಲ್ಲ.”

ಮನೆಯ ತಂಡಕ್ಕೆ ಅನುಕೂಲವಾಗುವಂತೆ ಮೈದಾನ ತಿದ್ದುವುದು ನಮ್ಮ ಕಸುಬಿನಲ್ಲಿ ಹಳೆಯ ವಿದ್ಯೆ. ನಾನು ಅದರಲ್ಲಿ ಗಟ್ಟಿಗ. ಮೇ ಒಂಬತ್ತಕ್ಕೆ ಒಂದು ಇಂಚು. ಮೇ ಇಪ್ಪತ್ತಮೂರಕ್ಕೆ ಒಂದೂಕಾಲು. ಜೂನ್ ಆರಕ್ಕೆ ಒಂದೂವರೆ. ಜುಲೈ ನಾಲ್ಕಕ್ಕೆ ಪೂರಾ ಎರಡು. ಬ್ಯಾಟುಗಾರ ನಿಲ್ಲುವ ಜಾಗದ ಮುಂದಿನ ಮಣ್ಣಿಗೆ ದಿನಾ ಹತ್ತು ನಿಮಿಷ ಹೆಚ್ಚು ನೀರು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ, “ಯಾರಿಗೂ ಸುಳಿವಿಲ್ಲ. ಭೇಷ್ ಡೆಲ್” ಎಂದಿದೆ.

ಪಿಚರ್‌ಗಳು ಮಿಂಚಿದರು. ಹೋದ ತಿಂಗಳು ಇಬ್ಬರಿಗೂ ಹೊಸ ಒಪ್ಪಂದವಾಯಿತು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದರಲ್ಲಿ ಒಂದು ಪಾಲು ನನ್ನ ಹುಲ್ಲಿಗೆ ಕೊಟ್ಟ ಸಂಬಳ.

ಮತ್ತೆ ಪೆಗೇರೊ? ಅವನ ಆಟವೇ ಚೆಂಡನ್ನು ನೆಲಕ್ಕೆ ಬಡಿದು, ಸಂದಿಯಲ್ಲಿ ನುಗ್ಗಿಸಿ, ಓಡುವುದು. ಐದು ವರ್ಷ ನೆಲದ ಮೇಲೆ ಹಾರುತ್ತಿದ್ದ ಚೆಂಡು ಈ ವರ್ಷ ನನ್ನ ಎರಡು ಇಂಚಿನಲ್ಲಿ ತೆವಳಿತು. ಎದುರಾಳಿ ನಿಧಾನವಾಗಿ ಬಂದು, ಬಗ್ಗಿ ಎತ್ತಿಕೊಂಡು, ಅವನನ್ನು ಔಟ್ ಮಾಡಿದ. ಬೇರೆ ಊರಿನ ಮೈದಾನಗಳಲ್ಲಿ ಅದೇ ಪೆಗೇರೊಗೆ ನೂರಕ್ಕೆ ಇಪ್ಪತ್ತೆಂಟು ಹಿಟ್! ನಮ್ಮ ಕ್ಲಬ್ಬಿನ ಲೆಕ್ಕತಜ್ಞರು ಈ ವ್ಯತ್ಯಾಸ ಹಿಡಿದರು. ಹಿಡಿದು ಹದಿನಾಲ್ಕು ಪುಟದ ವರದಿ ಬರೆದರು: ಅವನಿಗೆ ಸ್ವಂತ ಊರಿನ ಪ್ರೇಕ್ಷಕರೆಂದರೆ ಭಯ, ಮನೆಯಲ್ಲೂ ಏನೋ ನೆಮ್ಮದಿ ಇಲ್ಲ. ಮಿಸೆಸ್ ಪೆಗೇರೊ, ನೀವು ಈ ಸಭೆಯಲ್ಲಿದ್ದೀರಿ. ನಿಮ್ಮ ಮನೆಯ ನೆಮ್ಮದಿ ಕೆಡಿಸಿದ್ದು ಒಂದು ಹುಲ್ಲು ಕತ್ತರಿಸುವ ಯಂತ್ರ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪನ್ನು ಕೋಚ್ ಅವರ ಮೇಲೆ ಹಾಕಬಹುದು. ಈ ವಾರ ಹಾಕಿಯೂ ನೋಡಿದೆ. ನಿಲ್ಲಲಿಲ್ಲ. ಯಾಕೆಂದರೆ ಜುಲೈ ಹತ್ತೊಂಬತ್ತರ ಪುಟದಲ್ಲಿ ಹವಾಮಾನದ ಕೆಳಗೆ ಇನ್ನೊಂದು ಸಾಲಿದೆ. ಆವತ್ತು ಪೆಗೇರೊ ಬೇಗ ಬಂದು, ಮೊಣಕಾಲೂರಿ, ಅಂಗೈಯಿಂದ ಹುಲ್ಲು ಸವರಿ ನೋಡಿದ. ನನ್ನನ್ನು ಯಾವಾಗಲೂ ಮೇಸ್ತ್ರಿ ಅಂತಲೇ ಕರೆಯುತ್ತಾನೆ.

“ಮೇಸ್ತ್ರಿ, ಹುಲ್ಲು ಒಂಚೂರು ಜಾಸ್ತಿ ಬೆಳೆದಿದೆ ಅಲ್ವಾ?”

ಸುತ್ತ ಏಳೆಂಟು ಜನ ಆಟಗಾರರಿದ್ದರು. ನಾನಂದೆ: “ಹುಲ್ಲೆಲ್ಲಿ ಬೆಳೀತಪ್ಪ? ಬೆಳೆದಿರೋದು ನಿನ್ನ ವಯಸ್ಸು.”

ಎಲ್ಲರೂ ನಕ್ಕರು. ಅಷ್ಟು ಜನ ನನ್ನ ಮಾತಿಗೆ ನಕ್ಕಿದ್ದು ಅದೇ ಮೊದಲು, ಅದಕ್ಕೇ ಬರೆದಿಟ್ಟುಕೊಂಡಿದ್ದೆ. ಗುಟ್ಟು ಕಾಯಬೇಕಿದ್ದರೆ ಸುಮ್ಮನಿರಬಹುದಿತ್ತು. ಅವನು ಮತ್ತೆ ಕೇಳಲಿಲ್ಲ. ನನ್ನ ಮಾತು ನಂಬಿದ. ಮಾರನೆಯ ದಿನದಿಂದ ಎಲ್ಲರಿಗಿಂತ ಎರಡು ಗಂಟೆ ಮೊದಲು ಬಂದು, ಹತ್ತು ವರ್ಷ ಅನ್ನ ಹಾಕಿದ ಹೊಡೆತವನ್ನೇ ಬದಲಿಸಲು ಹೊರಟ. ಬೆಳಗಿನ ಬಿಸಿಲಲ್ಲಿ ಒಬ್ಬನೇ ಹೊಡೆಯುತ್ತಿದ್ದ. ನಾನು ಪೈಪು ಹಿಡಿದುಕೊಂಡು ಅವನ ಮುಂದೆಯೇ ಮಣ್ಣು ನೆನೆಸುತ್ತಿದ್ದೆ.

ಅಮಾದೊ, ನೀನು ಕೇಳಿದ್ದು ಸರಿ. ಹುಲ್ಲು ಜಾಸ್ತಿಯೇ ಇತ್ತು. ಕುಳಿತಲ್ಲಿಂದಲೇ ಬೆರಳಲ್ಲಿ ತೋರಿಸಿ ಕೇಳುತ್ತಿದ್ದೀಯ, ಇಷ್ಟಾ ಅಂತ. ಅಲ್ಲ, ಇನ್ನೂ ಸ್ವಲ್ಪ. ಇನ್ನೂ. ಹಾಂ, ಅಷ್ಟು. ನನ್ನಿಂದ ತಪ್ಪಾಯಿತಪ್ಪ. ಈ ಮಾತು ಹೇಳಲು ಡಿಸೆಂಬರ್‌ವರೆಗೆ ಕಾದವನು ಹೇಡಿ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು. ನನ್ನ ನಿವೃತ್ತಿವೇತನದ ಕಾಗದಕ್ಕೆ ನಿನ್ನೆ ಸಹಿ ಬಿದ್ದ ಮೇಲೆಯೇ ಈ ಭಾಷಣದ ಕೊನೆಯ ಪುಟ ಬರೆದೆ.

ಹಾಗಾದರೆ ಎಂಟು ಕೋಟಿಗೆ ಅವನು ಯೋಗ್ಯನೇ? ನನಗೆ ಗೊತ್ತಿಲ್ಲ, ಸಭಿಕರೇ. ಮೂವತ್ತಾರಕ್ಕೆ ಅವನ ಕಾಲು ಹೇಗಿರುತ್ತದೆಂದು ನಾನು ಹೇಳಲಾರೆ. ಚೆಂಡು ಹೊಡೆಯುವ ಯಾರಿಗಾದರೂ ಎಂಟು ಕೋಟಿ ಕೊಡಬೇಕೇ ಅನ್ನುವುದು ನನ್ನ ಬುದ್ಧಿಗೆ ಮೀರಿದ್ದು. ನನಗೆ ಗೊತ್ತಿರುವುದು ಹುಲ್ಲು. ಇಪ್ಪತ್ತೊಂದು ನನ್ನ ಲೆಕ್ಕ, ಇಪ್ಪತ್ತೆಂಟು ಅವನದು. ಬೇಡ ಅನ್ನುವುದಾದರೆ ಅವನ ಲೆಕ್ಕ ನೋಡಿ ಬೇಡ ಅನ್ನಿ.

ಟೆಸ್ಮರ್ ಅವರು ಪೈ ತಿನ್ನುವುದನ್ನು ನಿಲ್ಲಿಸಿದ್ದಾರೆ. ಅವರ ಕ್ಷಮೆಯನ್ನೂ ಕೇಳುತ್ತೇನೆ. ಆರನೆಯ ಮೇಜಿನಿಂದ ಪೆಗೇರೊನ ಏಜೆಂಟರು ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ಹೊರಟರು. ಎಂಟು ಕೋಟಿ ಆ ಬಾಗಿಲು ದಾಟುವಷ್ಟರಲ್ಲಿ ಒಂಬತ್ತಾದರೂ ಆದೀತು. ಹಾಲೊವೆಲ್ ಅವರೇ, ನೀವು ಅವರನ್ನು ಹಿಡಿಯುವುದಾದರೆ ದಯವಿಟ್ಟು ಹೋಗಿಬನ್ನಿ, ನನಗೆ ಬೇಸರವಿಲ್ಲ. ಕೋಟು ಆಮೇಲೆ ತೆಗೆದುಕೊಳ್ಳಬಹುದು. ಅತ್ತ ಅಲ್ಲ ಸ್ವಾಮಿ, ಅದು ಅಡುಗೆಮನೆ. ಬಲಗಡೆ.

ಮೂವತ್ತೊಂದು ವರ್ಷದಲ್ಲಿ ನನ್ನ ಮಾತು ಕೇಳಿ ಒಬ್ಬ ಜನರಲ್ ಮ್ಯಾನೇಜರ್ ಓಡಿದ್ದು ಇದೇ ಮೊದಲು. ಖಾಲಿಯಾದ ಅಧ್ಯಕ್ಷರ ಕುರ್ಚಿಗೆ, ಉಳಿದುಕೊಂಡಿರುವ ನಿಮಗೆಲ್ಲರಿಗೆ, ಮತ್ತು ಇಷ್ಟಾದರೂ ಎದ್ದು ಹೋಗದೆ ಕುಳಿತಿರುವ ಅಮಾದೊ ಪೆಗೇರೊಗೆ ನನ್ನ ವಂದನೆಗಳು. ನಮಸ್ಕಾರ.