ಹುತ್ತದ ಬುಡದಿಂದ ಬಂದ ಹಾಲು

…ಜೋಕಾಲಿ ಆಮ್ಯಾಲ ಆಡ್ರಿ, ಮೊದಲು ಇದನ್ನ ಕೇಳ್ರಿ. ನಮ್ಮ ಶಿರಹಟ್ಟಿ ಕಡಿ ಕೆರಿಗೆ ಹಂಸದ ಬೋಟು ತಂದು ಬಿಟ್ಟ ಮ್ಯಾಲ, ಆ ನೀರನ್ನ ಹಿಡದು ನಿಲ್ಲಿಸಿದ್ದು ಬರೇ ಮಣ್ಣಿನ ಒಡ್ಡು ಅನ್ನೂದು ಮಂದಿಗೆ ಮರತ ಹೋಗಿತ್ತು. ಒಡ್ಡಿನ ಕೆಳಗ ಒಂದಷ್ಟು ಮನಿ. ನಾನು ಯಾತ್ರಾ ಬಸ್ಸಿನ್ಯಾಗ ಅಡಗಿ ಮಾಡ್ಕೋಂತ ಕಾಶಿ, ಗಯಾ, ಪುರಿ ಎಲ್ಲಾ ತಿರುಗಿ, ಮೊಣಕಾಲು ಮುಷ್ಕರ ಹೂಡಿದ ಮ್ಯಾಲ ಅದ ಒಡ್ಡಿನ ಮ್ಯಾಲ ಗಿರ್ಮಿಟ್ಟು ಮಾರ್ಕೋಂತ ಕುಂತಿದ್ದೆ.

ಹೋದ ವರ್ಷದ ಪಂಚಮಿ. ಮಳಿ ಹೊಡದು ಕೆರಿ ತುಂಬಿತ್ತು, ಬೋಟಿಗೆ ಪಾಳಿ. ಒಡ್ಡಿನ ಕೆಳಮಗ್ಗಲಕ್ಕ ಒಂದು ಹುತ್ತ ಇತ್ತು. ಒಡ್ಡು ಒಳಗ ಟೊಳ್ಳಾಗತೈತಿ, ಅದನ್ನ ತಗೀಬೇಕು ಅಂತ ಮಾತು ಬಂದಿತ್ತು ಖರೆ, ಆದ್ರ ನಾಗಪ್ಪನ ಮನಿ ಯಾರು ಮುಟ್ಟತಾರ. ಹೆಣ್ಮಕ್ಕಳು ಅಪ್ಪನ ಪಾಲು, ಅವ್ವನ ಪಾಲು ಅಂತ ಹಾಲೆರದ್ರು. ಸ್ವಲ್ಪ ಹೊತ್ತಿಗೆ ಹುತ್ತದ ಬುಡದಿಂದ ಬೆಳ್ಳಗ ಇಳಿಯಾಕ ಹತ್ತಿತು. "ನಾಗಪ್ಪ ಹಾಲು ತಿರುಗಿ ಕೊಡಾಕತ್ತಾನ್ರಿ" ಅಂತ ಒಬ್ಬಾಕಿ ಅಂದದ್ದ ತಡ, ತಂಬಿಗಿ ಹಿಡಕೊಂಡು ಸಾಲು ನಿಂತ್ರು. ಸಾಲಿಗೆ ಮೊದಲು ನೀಲವ್ವ. ಆಕಿ ಮನಿ ಒಡ್ಡಿನ ಬುಡಕ್ಕ ಐತಿ. ಹಬ್ಬಕ್ಕ ಬಂದ ಮಗಳು ಬೋಟಿನ್ಯಾಗ, ಮಗಳ ಕೂಸು ಮನಿಯಾಗ, ತೊಟ್ಟಿಲದಾಗ ಮಲಗಿತ್ತು.

ನನಗೂ ಒಂದು ಗುಟುಕು ಕೊಟ್ರು. ಹಲ್ಲಿಗೆ ಕರ್ ಅಂತು. ಹಾಲೆಲ್ಲಿದು, ಒಡ್ಡಿನ ಹೊಟ್ಟಿಯೊಳಗಿನ ಬಿಳಿ ಮಣ್ಣು. ಗಂಗಾ ಕಡಿ ಒಮ್ಮೆ, ಗಂಗಾ ಅಲ್ಲ, ಗಂಡಕಿ ಅನ್ನಸತೈತಿ, ಹಿಂಗ ರಾಡಿ ನೀರು ಬಂದು, ನಾವು ಚಹಾ ಕುಡದು ಮುಗಸೂದ್ರಾಗ ಒಡ್ಡು ಹೋದದ್ದನ್ನ ನೋಡಿದ್ದೆ.

"ನೀಲವ್ವಾ, ಇದು ಕೆರಿ ನೀರು. ಒಡ್ಡಿನೊಳಗ ತೂತು ಬಿದ್ದೈತಿ. ಕೂಸನ್ನ ಎತ್ಕೊಂಡು ಬಾ."

"ಊರೂರು ತಿರುಗಿ ನಿನಗ ದೇವ್ರ ಮ್ಯಾಲ ನಂಬಿಗಿ ಹೋಗೇತಿ ಯಕ್ಕಾ. ಸರಿ ಅತ್ಲಾಗ. ಇದು ಅಳಿಯನ ಪಾಲು, ಇದು ಮಗಳ ಪಾಲು…"

"ಗಿರ್ಮಿಟ್ಟು ಬಿಟ್ಟು ಇಂಜಿನಿಯರ್ ಆಗ್ಯಾಳ ನೋಡ್ರಿ" ಅಂತ ಹಿಂದಿನಾಕಿ. ಎಲ್ಲಾರೂ ನಕ್ರು. ಬೆರಳ ಗಾತ್ರ ಇದ್ದ ಧಾರಿ ಮುಂಗೈ ಗಾತ್ರ ಆತು. ಮ್ಯಾಲ ಬೋಟಿನ್ಯಾಗ ಮಂದಿ ಕೇಕಿ ಹೊಡಿಯಾಕತ್ತಿದ್ರು. ನಾ ಆಕಿ ತಂಬಿಗಿಗೆ ಕೈ ಹಾಕಿ ಹಿಡಕೊಂಡೆ.

"ಕೂಸಿನ ಪಾಲು ಉಳದೈತೆಲ್ಲ ನೀಲವ್ವಾ. ಅದಕ್ಕ ತಂಬಿಗಿ ಸಾಲೂದಿಲ್ಲ, ಪೂರಾ ಕೆರಿನ ಬರತೈತಿ."

ನನ್ನ ಮಾರಿ ನೋಡಿದ್ಲು. ತಂಬಿಗಿ ನೋಡಿದ್ಲು, ತಳದಾಗ ಮಣ್ಣು ಕುಂತಿತ್ತು. ಅಲ್ಲೇ ಒಗದು ಮನಿ ಕಡಿ ಓಡಿದ್ಲು. ಆಕಿ ಓಡಿದ್ದು ನೋಡಿ ಸಾಲಿಗೆ ಸಾಲ ಓಡಿತು. ಬೋಟು ದಂಡಿಗೆ ಬಂದ್ವು, ಗಂಡಸ್ರು ತೂಬು ಎತ್ತಿ ನೀರು ಬಿಟ್ರು, ಉಸುಕಿನ ಚೀಲ ಒಟ್ಟಿದ್ರು. ಒಡ್ಡು ಉಳೀತು, ಆದ್ರ ಹುತ್ತ ಇದ್ದ ಮಗ್ಗಲು ಕುಸೀತು. ನೀಲವ್ವನ ಪಡಸಾಲಿಗೆ ರಾಡಿ ನುಗ್ಗಿ, ತೊಟ್ಟಿಲ ಅಂಗಳಕ್ಕ ತೇಲಿ ಬಂತು. ಖಾಲಿ ತೊಟ್ಟಿಲ.

ಸಂಜಿಗೆ ಆಕಿ ಕೂಸನ್ನ ಬಗಲಾಗ ಇಟ್ಕೊಂಡು ಬಂದು, "ನನ್ನ ಪಂಚಮಿ ಕೆಡಿಸಿದಿ ಯಕ್ಕಾ" ಅಂದು, ಕೈಯಾಗ ಎರಡು ಶೇಂಗಾ ಉಂಡಿ ಇಟ್ಟು ಹೋದ್ಲು.

ಹಂಗಂತ ದೇವ್ರಿಗೆ ಕೈ ಮುಗೀಬ್ಯಾಡ್ರಿ ಅನ್ನೂದಿಲ್ಲ ನಾ. ಕೂಸು ಎಲ್ಲೈತಿ ನೋಡ್ಕೊಂಡು ಮುಗೀರಿ.