ಕ್ಯಾಮೆರಾ ಕಡೆ ಬೀಸಿದ ಕೈ

ಮರಣ ಪ್ರಮಾಣಪತ್ರ ಕೊಡುವ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ವಾರಗಿತ್ತಿಯರು ನಿಂತಿದ್ದರು. ಅತ್ತೆ ಕಿರಿಯವಳ ಮನೆಯಲ್ಲಿ ಜಾರಿ ಬಿದ್ದು ತೀರಿಕೊಂಡು ಆರು ದಿನವಾಗಿತ್ತಂತೆ.

“ಕೋಣೆಗೆ ಕ್ಯಾಮೆರಾ ಹಾಕ್ಸಿದ್ರಲ್ಲ, ಬಿದ್ದದ್ದು ಗೊತ್ತಾಗ್ಲಿಲ್ವಾ?” ಎಂದಳು ಹಿರಿಯವಳು.

“ಫೋನಿಗೆ ಬರುತ್ತೆ ಅಕ್ಕ. ಆದ್ರೆ ಅವರು ಮಗ್ಗಲು ಬದಲಾಯಿಸಿದ್ರೂ ಟಣ್ ಅನ್ನೋದು. ತಲೆ ಚಿಟ್ಟು ಹಿಡಿದು ಸೌಂಡ್ ಆಫ್ ಮಾಡಿಟ್ಟಿದ್ದೆ.”

“ಇನ್ನೇನ್ ಮಾಡ್ತೀಯ. ಕಂಪನಿಯವ್ರಿಗೆ ಬುದ್ಧಿ ಬೇಡ್ವಾ?”

“ಸರ್ಕಾರಕ್ಕೆ ಮೊದಲು ಬೇಕು. ಇಂಥದ್ದಕ್ಕೆಲ್ಲ ಒಂದು ಕಾನೂನು ಅಂತ ಇಲ್ವಲ್ಲ.”

“ಅವರಾದ್ರೂ ಕೂಗ್ಬಹುದಿತ್ತು.”

“ಕೂಗಿಲ್ಲ. ಬಿದ್ದಲ್ಲಿಂದ್ಲೇ ಕ್ಯಾಮೆರಾ ಕಡೆ ಕೈ ಬೀಸಿದ್ದಾರೆ. ನಲವತ್ತು ನಿಮಿಷ. ಅದ್ರಲ್ಲಿ ನಾನು ನಿಮ್ಮನ್ನೇ ನೋಡ್ತಿರ್ತೀನಿ ಅಂತ ಅವರಿಗೆ ಹೇಳಿದ್ದೆ, ಅದನ್ನೇ ನಂಬ್ಕೊಂಡು.”

“ತಿಳಿವಳಿಕೆ ಇಲ್ಲದವ್ರಿಗೆ ಇವೆಲ್ಲ ಹಾಕ್ಸಲೇಬಾರ್ದು.”

“ಇವರಿಗೂ ಅದೇ ಹೇಳ್ದೆ. ನಿಮ್ಮಮ್ಮನಿಗೂ ಸ್ವಲ್ಪ ಜವಾಬ್ದಾರಿ ಇರ್ಬೇಕಿತ್ತು ಅಂದೆ.”

“ಏನಂದ?”

“ಫೋನ್ ಇಸ್ಕೊಂಡು ಸೌಂಡ್ ಮತ್ತೆ ಆನ್ ಮಾಡಿ ಕೊಟ್ರು.”

ಅಷ್ಟರಲ್ಲಿ ಕಿರಿಯವಳ ಫೋನು ಟಣ್ ಎಂದಿತು. ಇಬ್ಬರೂ ಬಗ್ಗಿ ನೋಡಿದರು.

“ಇವರೇ. ಅತ್ತೆ ಬಿದ್ದ ಜಾಗದಲ್ಲಿ ಮಲಗಿದ್ದಾರೆ.”

“ಅದೇನದು, ಕೈ ಬೀಸ್ತಿದ್ದಾನಾ?”

“ಬೆಳಗ್ಗೆಯಿಂದ ಇದು ಮೂರನೇ ಸಲ.”

ಅವರ ಟೋಕನ್ ನಂಬರ್ ಕರೆದರು. ಕಿರಿಯವಳು ಸೌಂಡ್ ಆಫ್ ಮಾಡಿ, ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ, ಅಕ್ಕನ ಹಿಂದೆ ಕೌಂಟರಿನ ಕಡೆ ನಡೆದಳು.